ತೆರೆದ ಸೈಲೆನ್ಸರ್, ಮೊಂಡು ಹಲ್ಲು

ಹಳೆಯ ಚೈನ್ ಸಾ ಕೊಂಡು ತಂದವರಿಗೆ ನಮ್ಮ ಸೀಮೆಯಲ್ಲಿ ಮೂರು ಸಲಹೆ ಸಿಗುತ್ತವೆ. ನವಲಗುಂದದ ಕಟ್ಟಿಗೆ ಅಡ್ಡೆಯಾಗಲಿ, ಕಲಘಟಗಿಯ ಸಂತೆಯಾಗಲಿ, ಅಣ್ಣಿಗೇರಿಯ ಗ್ಯಾರೇಜಾಗಲಿ, ಮಾತು ಬದಲಾಗುವುದಿಲ್ಲ. "ಮೊದಲ ಸೈಲೆನ್ಸರ್ ಬಿಚ್ಚಿ ತೂತು ದೊಡ್ಡದು ಮಾಡಸ್ರಿ, ಆಮ್ಯಾಲ ನೋಡ್ರಿ ಮಷಿನ್ ಹೆಂಗ ಹೊಡಿತೈತಿ." ಅದಾದ ಮೇಲೆ ಚೈನಿನ ಡೆಪ್ತ್ ಗೇಜನ್ನು, ಎಂದರೆ ಕೊಯ್ಯುವ ಹಲ್ಲಿನ ಮುಂದೆ ನಿಂತಿರುವ ಮೊಂಡು ಉಬ್ಬನ್ನು, ಅರ ಹಾಕಿ ತಗ್ಗಿಸಬೇಕು. ಕೊನೆಗೆ ಚೈನು ಸುತ್ತುವ 18 ಇಂಚಿನ ಬಾರ್ ತೆಗೆದು 22 ಇಂಚಿನದನ್ನು ಹಾಕಬೇಕು. ಈ ಮೂರೂ ಆದ ಗರಗಸಕ್ಕೆ 'ಮಾಡಿಫೈ ಆದ ಮಷಿನ್' ಎಂಬ ಹೆಸರು ಬರುತ್ತದೆ, ಮಾರುವಾಗ ಮೇಲೆ ಒಂದಿಷ್ಟು ದುಡ್ಡೂ ಬರುತ್ತದೆ.

ಈ ಮೂರನ್ನೂ ನಾನು ವಿರೋಧಿಸುತ್ತೇನೆ. ಕಂಪನಿ ಕೊಟ್ಟದ್ದಕ್ಕೆ ಕೈ ಹಚ್ಚಬಾರದು ಎಂಬ ಮಡಿ ನನಗಿಲ್ಲ. ಹಳೆಯ ಗರಗಸವನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿ, ಹಗ್ಗ ಎಳೆದಾಗ ಅದು ಹತ್ತಿಕೊಳ್ಳುವುದನ್ನು ಕೇಳುವ ಸುಖ ನನಗೆ ಚೆನ್ನಾಗಿ ಗೊತ್ತು. ನನ್ನ ತಕರಾರು ಬೇರೆಯದು. ಈ ಸಲಹೆಗಳೆಲ್ಲ ಎಂಜಿನ್ನಿಗೆ ಯಾವುದೋ ಕಟ್ಟು ಹಾಕಲಾಗಿದೆ, ಅದನ್ನು ಬಿಚ್ಚಿದರೆ ಒಳಗಿನ ಶಕ್ತಿ ಹೊರಬರುತ್ತದೆ ಎಂದು ನಂಬುತ್ತವೆ. ಹಲವು ಕೈ ದಾಟಿ ಬಂದ ಗರಗಸದ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅದರ ಸೀಲು ಸಡಿಲಾಗಿರುತ್ತದೆ, ಪಿಸ್ಟನ್ನಿನ ಉಂಗುರ ಸವೆದಿರುತ್ತದೆ, ಹಲ್ಲು ಮೊಂಡಾಗಿರುತ್ತದೆ. ಅದಕ್ಕೆ ಬೇಕಾದದ್ದು ಬಿಗಿ ಮತ್ತು ಹರಿತ.

ಸೈಲೆನ್ಸರಿನ ನಂಬಿಕೆ ಮರ ಕೊಯ್ಯುವವರ ನಡುವೆ ಹುಟ್ಟಿದ್ದಲ್ಲ, ರಸ್ತೆಯಿಂದ ಬಂದದ್ದು. ನಮ್ಮ ಮೆಕ್ಯಾನಿಕರಲ್ಲಿ ಎರಡು ತಲೆಮಾರಿನವರು ಟೂ-ಸ್ಟ್ರೋಕ್ ವಿದ್ಯೆ ಕಲಿತದ್ದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಮೇಲೆ, ಆಮೇಲೆ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ಮೇಲೆ. ಸೈಲೆನ್ಸರ್ ಬದಲಿಸಿದಾಗ ಆ ಗಾಡಿಯ ಗುಣ ಬದಲಾಗುತ್ತಿದ್ದದ್ದು ನಿಜ. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೈಕಿನ ಟೂ-ಸ್ಟ್ರೋಕ್ ಸೈಲೆನ್ಸರ್ ಒಳಗೆ ಅಗಲವಾಗುತ್ತ ಹೋಗಿ ಆಮೇಲೆ ಕಿರಿದಾಗುವ ಕೊಳವೆ. ಹೊರಟ ಹೊಗೆಯ ಒತ್ತಡದ ಅಲೆ ಆ ಕಿರಿದಾದ ಭಾಗಕ್ಕೆ ಬಡಿದು ಹಿಂದಕ್ಕೆ ಬರುತ್ತದೆ. ಸಿಲಿಂಡರಿನಿಂದ ತಪ್ಪಿಸಿಕೊಂಡು ಹೊರಟಿದ್ದ ಹೊಸ ಮಿಶ್ರಣವನ್ನು, ಪಿಸ್ಟನ್ ಮೇಲೇರಿ ಬಾಯಿ ಮುಚ್ಚುವ ಮೊದಲು, ಮತ್ತೆ ಒಳಕ್ಕೆ ನೂಕುತ್ತದೆ. ಅಲ್ಲಿ ಉದ್ದ, ವ್ಯಾಸ, ಕೋನ ಮೂರಕ್ಕೂ ಲೆಕ್ಕವಿದೆ. ಚೈನ್ ಸಾದ ಸೈಲೆನ್ಸರ್ ಅಂಗೈಯಗಲದ ತಗಡಿನ ಡಬ್ಬಿ. ಅಲೆ ಹೋಗಿ ಹೊತ್ತಿಗೆ ಸರಿಯಾಗಿ ಬರಲು ಅಲ್ಲಿ ಉದ್ದವೇ ಇಲ್ಲ. ತೂತು ದೊಡ್ಡದು ಮಾಡಿದರೆ ಹೊಗೆಗಿದ್ದ ತಡೆ ಒಂದಿಷ್ಟು ಕಡಿಮೆಯಾಗುತ್ತದೆ, ಅಷ್ಟೇ.

'ಅಷ್ಟೇ' ಎಂದದ್ದಕ್ಕೆ ಬಲವಾದ ಆಕ್ಷೇಪವೊಂದಿದೆ. ತಡೆ ಕಡಿಮೆಯಾದರೆ ಶಕ್ತಿ ಹೆಚ್ಚಲೇಬೇಕಲ್ಲ, ಅಮೆರಿಕದ ಮರಕಡಿಯುವವರು ಇದನ್ನೇ ಮಾಡುತ್ತಾರಲ್ಲ ಎಂದು ಕೇಳಬಹುದು. ಮಾಡುತ್ತಾರೆ, ಮತ್ತು ಅವರಿಗೆ ಅದರಿಂದ ಲಾಭವೂ ಇದೆ. 1990ರ ದಶಕದ ಕೊನೆಯಿಂದ ಅಲ್ಲಿ ಸಣ್ಣ ಎಂಜಿನ್ನುಗಳ ಹೊಗೆಗೆ ಸರ್ಕಾರ ಮಿತಿ ಹಾಕಿತು. ತಯಾರಕರು ಸೈಲೆನ್ಸರಿನ ಬಾಯಿ ಕಿರಿದು ಮಾಡಿದರು, ಕಾರ್ಬೋರೇಟರಿನ ಸ್ಕ್ರೂಗಳು ಪೂರ್ತಿ ತಿರುಗದಂತೆ ಟೊಪ್ಪಿಗೆ ಹಾಕಿದರು. ಹಾಗೆ ಕಟ್ಟಿಹಾಕಿದ ಹೊಸ ಗರಗಸದ ಕಟ್ಟು ಬಿಚ್ಚುವುದು ಅಲ್ಲಿನ ಸುಧಾರಣೆ. ಆ ಸುಧಾರಣೆಯಲ್ಲಿ ಎರಡು ಹೆಜ್ಜೆ ಇವೆ: ಬಾಯಿ ತೆರೆಯುವುದು, ತೆರೆದಷ್ಟಕ್ಕೆ ಸರಿಯಾಗಿ ಪೆಟ್ರೋಲ್ ಹೆಚ್ಚಿಸುವುದು. ನಮ್ಮಲ್ಲಿಗೆ ಮೊದಲ ಹೆಜ್ಜೆ ಮಾತ್ರ ಬಂದಿದೆ.

ಇನ್ನೊಂದನ್ನೂ ಯಾರೂ ಗಮನಿಸುವುದಿಲ್ಲ. ನಮ್ಮ ಕಡೆಯ ಹಳೆಯ ಗರಗಸಗಳಲ್ಲಿ ಬಹುತೇಕವು ಆಯಿಲ್ ಹೆಚ್ಚು ಕುಡಿದು ಬಂದವು. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1, ಎಂದರೆ ಲೀಟರಿಗೆ 20 ಮಿಲಿ ಸಾಕು. 'ಸೇಫ್ಟಿಗಿರಲಿ' ಎಂದು ಅದರ ಎರಡು-ಮೂರು ಪಟ್ಟು ಸುರಿಯುವವರಿದ್ದಾರೆ; ಟ್ರ್ಯಾಕ್ಟರಿನ ಎಂಜಿನ್ ಆಯಿಲನ್ನೇ ಬೆರೆಸುವವರೂ ಇದ್ದಾರೆ. ಉರಿಯದೆ ಉಳಿದ ಆಯಿಲ್ ಮಸಿಯಾಗಿ ಸೈಲೆನ್ಸರಿನ ಕಿಡಿತಡೆಯ ಜಾಲರಿಯನ್ನೂ ಸಿಲಿಂಡರಿನ ಹೊಗೆಬಾಯಿಯನ್ನೂ ಕಟ್ಟುತ್ತದೆ. ಅಂಥ ಗರಗಸದ ಸೈಲೆನ್ಸರ್ ಬಿಚ್ಚಿ, ಜಾಲರಿ ಕಿತ್ತು ಎಸೆದು, ದೊಡ್ಡ ತೂತು ಕೊರೆದು ಮತ್ತೆ ಕಟ್ಟಿದರೆ ಎಂಜಿನ್ ಚುರುಕಾಗುತ್ತದೆ, ನಿಜ. ಆ ಚುರುಕು ತೂತಿನಿಂದ ಬಂತೋ ಮಸಿ ಹೋದದ್ದರಿಂದ ಬಂತೋ? ಜಾಲರಿಯನ್ನು ಸುಟ್ಟು, ತಂತಿಯ ಬ್ರಷ್ಷಿನಿಂದ ತಿಕ್ಕಿ, ಹೊಗೆಬಾಯಿಯ ಮಸಿಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆದರೆ ಅದೇ ಫಲ ಸಿಗುತ್ತದೆ. ಕೊರೆಯುವ ಮೊದಲು ಒಮ್ಮೆ ಬರೀ ತೊಳೆದು ನೋಡಿ ಎಂದು ನಾನು ಹೇಳುವುದು ಇದಕ್ಕೇ. ಮಾಘ-ಫಾಲ್ಗುಣದಲ್ಲಿ ಒಣಗಿ ನಿಂತ ಹುಲ್ಲಿನ ನಡುವೆ ಜಾಲಿ ಕೊಯ್ಯುವವರಿಗೆ ಆ ಜಾಲರಿ ಕಿಡಿ ತಡೆಯುವ ಏಕೈಕ ಸಾಧನ. ಅದನ್ನು ಎಸೆಯುವುದನ್ನು ಯಾವ ಶಕ್ತಿಯ ಲೆಕ್ಕವೂ ಸಮರ್ಥಿಸಲಾರದು.

ಎರಡನೆಯ ಹೆಜ್ಜೆ ಬಿಟ್ಟರೆ ಏನಾಗುತ್ತದೆ? ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಬರೀ ಉರಿಯುವುದಿಲ್ಲ. ಅದೇ ಆಯಿಲನ್ನು ಹೊತ್ತು ತರುತ್ತದೆ, ಅದೇ ಪಿಸ್ಟನ್ನನ್ನು ತಂಪಾಗಿಡುತ್ತದೆ. ಬಾಯಿ ತೆರೆದಾಗ ಗಾಳಿ ಹೆಚ್ಚು ಓಡಾಡುತ್ತದೆ. ಎಚ್ ಸ್ಕ್ರೂ, ಎಂದರೆ ಪೂರ್ತಿ ಗತಿಯಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವ ಕಾರ್ಬೋರೇಟರಿನ ಸ್ಕ್ರೂ, ಇದ್ದಲ್ಲೇ ಇದ್ದರೆ ಮಿಶ್ರಣ ತೆಳ್ಳಗಾಗುತ್ತದೆ. ತೆಳ್ಳಗಾದ ಮಿಶ್ರಣದ ಕ್ರೂರ ಗುಣವೆಂದರೆ ಅದು ಮೊದಲು ಸಂತೋಷ ಕೊಡುತ್ತದೆ. ಖಾಲಿ ಓಡಿಸಿದಾಗ ಆರ್‌ಪಿಎಂ ಏರುತ್ತದೆ, ಸದ್ದು ತೀಕ್ಷ್ಣವಾಗುತ್ತದೆ, ಸುತ್ತ ನಿಂತವರು ತಲೆದೂಗುತ್ತಾರೆ. ಸರಿಯಾಗಿ ಹೊಂದಿಸಿದ ಗರಗಸ ಖಾಲಿ ಓಡುವಾಗ ಪೂರ್ತಿ ಗತಿಯಲ್ಲಿ ಒಂದಿಷ್ಟು ಒಡೆದ, ತೊದಲುವ ಸದ್ದು ಮಾಡಬೇಕು. ಹಲ್ಲು ಮರಕ್ಕೆ ಇಳಿದೊಡನೆ ಆ ತೊದಲು ನಿಂತು ಸ್ವರ ಸಮವಾಗಬೇಕು. ಕುಂದಗೋಳ ಗಾಯಕ ಸವಾಯಿ ಗಂಧರ್ವರ ಊರು. ಸ್ವರ ಹಿಡಿಯುವ ಕಿವಿ ಅಲ್ಲಿ ಕಡಿಮೆಯಿಲ್ಲ. ಆ ಕಿವಿಯನ್ನು ಎಂಜಿನ್ನಿಗೂ ಕೊಟ್ಟರೆ ತೊದಲದ ಗರಗಸ ಸಾಯುತ್ತಿರುವ ಗರಗಸ ಎಂದು ತಿಳಿಯುತ್ತದೆ. ಕಿವಿಯ ಮೇಲೆ ನಂಬಿಕೆ ಇಲ್ಲದವರು ಟ್ಯಾಕೋಮೀಟರ್ ಇಟ್ಟುಕೊಳ್ಳಲಿ. ಸಾಮಾನ್ಯ ಗರಗಸಗಳ ಖಾಲಿ ಓಟದ ಮಿತಿ 12,000ದಿಂದ 14,000 ಆರ್‌ಪಿಎಂ ನಡುವೆ ಇರುತ್ತದೆ, ಆಯಾ ಮಾಡೆಲಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಅದನ್ನು ದಾಟಿಸಿ ಬೀಗುವುದು ಪಿಸ್ಟನ್ನಿನ ಆಯುಷ್ಯ ತಿಂದು ಬೀಗಿದಂತೆ.

ಈ ತೆಳುವಿನ ಪ್ರಶ್ನೆ ಈಗ ಇನ್ನಷ್ಟು ತೀವ್ರವಾಗಿದೆ, ಕಾರಣ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಎಂದರೆ 20% ಎಥನಾಲ್ ಬೆರೆತ ಪೆಟ್ರೋಲ್, ಈಗ ನಮ್ಮ ತಾಲ್ಲೂಕಿನ ಬಂಕುಗಳಲ್ಲೂ ಅದೇ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಹಾಗಾಗಿ ಹಳೆಯ ಪೆಟ್ರೋಲಿಗೆ ಹೊಂದಿಸಿದ್ದ ಕಾರ್ಬೋರೇಟರಿಗೆ ಇ20 ಹಾಕಿದರೆ, ಯಾರೂ ಏನೂ ಮುಟ್ಟದಿದ್ದರೂ, ಮಿಶ್ರಣ ತಾನೇ ತೆಳ್ಳಗಾಗುತ್ತದೆ. ಇದರ ಮೇಲೆ ಸೈಲೆನ್ಸರಿನ ಬಾಯಿಯನ್ನೂ ತೆರೆದರೆ ತೆಳುವಿನ ಮೇಲೆ ತೆಳು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸುತ್ತದೆ, ಕಾರ್ಬೋರೇಟರಿನೊಳಗಿನ ಡಯಾಫ್ರಾಮನ್ನು ಗಡುಸು ಮಾಡುತ್ತದೆ. ಡಯಾಫ್ರಾಮ್ ಗಡುಸಾದರೆ ಪೆಟ್ರೋಲ್ ಇನ್ನೂ ಕಡಿಮೆ ಬರುತ್ತದೆ. ಕೈಯಿಂದ ಟ್ಯೂನ್ ಮಾಡುವ ಕಾರ್ಬೋರೇಟರಿನ ಗರಗಸಗಳಿಗೆ 10%ಗಿಂತ ಹೆಚ್ಚು ಎಥನಾಲ್ ಬೇಡವೆಂದು ತಯಾರಕರ ಕೈಪಿಡಿಗಳು ಹೇಳುತ್ತ ಬಂದಿವೆ. ತಾನೇ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಕಾರ್ಬೋರೇಟರ್ ಇರುವ ದುಬಾರಿ ಗರಗಸಗಳಿಗೆ ಮಾತ್ರ ಆ ಚಿಂತೆ ಇಲ್ಲ. ಹಾಗಾದರೆ ಹಳೆಯ ಗರಗಸ ಕೊಂಡವರು ಮೊದಲು ಮಾಡಿಸಬೇಕಾದ 'ಮಾಡಿಫಿಕೇಶನ್' ಯಾವುದು? ಹೊಸ ಪೆಟ್ರೋಲ್ ಪೈಪು, ಹೊಸ ಫಿಲ್ಟರ್, ಕಾರ್ಬೋರೇಟರಿಗೆ ಹೊಸ ಡಯಾಫ್ರಾಮ್ ಕಿಟ್, ಮತ್ತು ಇ20ಗೆ ತಕ್ಕಂತೆ ಎಚ್ ಸ್ಕ್ರೂ ಒಂದಿಷ್ಟು ಬಿಚ್ಚುವುದು. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡದೆ ಬರಿದು ಮಾಡಿ, ಕಾರ್ಬೋರೇಟರ್ ಒಣಗುವವರೆಗೆ ಓಡಿಸಿ ಇಡುವುದು. ಇದರಲ್ಲಿ ಬೆರಗುಗೊಳಿಸುವ ಸದ್ದಿಲ್ಲ. ಅದಕ್ಕೇ ಇದನ್ನು ಯಾರೂ ಸುಧಾರಣೆ ಎಂದು ಎಣಿಸುವುದಿಲ್ಲ.

ಇನ್ನು ಚೈನಿಗೆ ಬರುತ್ತೇನೆ; ನನ್ನ ವಾದದ ಹೃದಯ ಅಲ್ಲಿದೆ. ಗರಗಸದ ಚರಿತ್ರೆಯೇ ನನ್ನ ಪಕ್ಷದ ಮೊದಲ ಸಾಕ್ಷಿ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಗರಗಸವನ್ನೂ 1929ರಲ್ಲಿ ಪೆಟ್ರೋಲ್ ಗರಗಸವನ್ನೂ ಮಾಡಿದ. ಎಂಜಿನ್ ಬಂದು ಎರಡು ದಶಕವಾದರೂ ಅದರ ಚೈನು ಹಳೆಯ ಕೈಗರಗಸದ ಹಲ್ಲನ್ನೇ ಅನುಕರಿಸುತ್ತಿತ್ತು: ಗೀರುವ ಹಲ್ಲು, ಕೆರೆಯುವ ಹಲ್ಲು. ಬಹುಪಾಲು ಶಕ್ತಿ ಮರವನ್ನು ಪುಡಿ ಮಾಡುವುದರಲ್ಲೇ ಹೋಗುತ್ತಿತ್ತು, ಅರ ಹಾಕುವುದಕ್ಕೆ ಹೊತ್ತು ಸಾಲುತ್ತಿರಲಿಲ್ಲ. 1946ರಲ್ಲಿ ಅಮೆರಿಕದ ಆರೆಗನ್ನಿನಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಕಟ್ಟಿಗೆ ಕೊರೆಯುವ ದುಂಬಿಯ ಹುಳುವನ್ನು ಗಮನಿಸಿದ. ಅದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಸರಾಗವಾಗಿ ದಾರಿ ಮಾಡಿಕೊಂಡು ಹೋಗುತ್ತಿತ್ತು. ಅದನ್ನು ನೋಡಿ ಆತ ಎಡ-ಬಲ ಬಾಗಿದ, ಸಿಬಿರು ಎಬ್ಬಿಸುವ ಹಲ್ಲಿನ ಚೈನು ಮಾಡಿದ. ಮರುವರ್ಷ ಅದು ಮಾರುಕಟ್ಟೆಗೆ ಬಂತು. ಇಂದು ಕಲಘಟಗಿಯಲ್ಲಿ ಮಾವು ಕೊಯ್ಯುವ ಚೈನಿನ ಹಲ್ಲೂ ಅದೇ ವಂಶದ್ದು. ಗರಗಸದ ಅತಿ ದೊಡ್ಡ ಸುಧಾರಣೆ ಎಂಜಿನ್ನಿನಲ್ಲಿ ಆಗಲಿಲ್ಲ, ಹಲ್ಲಿನಲ್ಲಿ ಆಯಿತು. ಈ ಪಾಠವನ್ನು ನಾವು ಇನ್ನೂ ತೆಗೆದುಕೊಂಡಿಲ್ಲ.

ಎರಡನೆಯ ಸಾಕ್ಷಿ ನಮ್ಮ ಮರ ಮತ್ತು ನಮ್ಮ ಮಣ್ಣು. ಕಲಘಟಗಿಯ ಕಡೆ ಆಪೂಸ್ ತೋಪುಗಳಲ್ಲಿ ಕೊಯ್ಯುವುದು ಹಸಿ ಮಾವಿನ ಕೊಂಬೆ. ಅದು ಮೃದು, ಯಾವ ಗರಗಸಕ್ಕೂ ಒಲಿಯುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆನೆಲದಲ್ಲಿ ಹಾಗಲ್ಲ. ಬದುವಿನ ಕರಿಜಾಲಿ ಚಕ್ಕಡಿಯ ಗಾಲಿಗೆ, ರಂಟಿಗೆ, ಕುಂಟಿಗೆ ಬಡಿಗೇರರು ಆರಿಸಿಕೊಳ್ಳುತ್ತಿದ್ದ ಗಟ್ಟಿ ಕಟ್ಟಿಗೆ. ಒಣಗಿದ ಮೇಲೆ ಅದರ ಚೇಗು ಅರವನ್ನೇ ಪರೀಕ್ಷಿಸುತ್ತದೆ. ಕುಂದಗೋಳದ ಕಡೆಯಿಂದ ಹರಿದು ನವಲಗುಂದ ದಾಟಿ ಮಲಪ್ರಭೆ ಸೇರುವ ಬೆಣ್ಣಿಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಸಂಕಟ ಇನ್ನೊಂದು. ಮಳೆಗಾಲದ ಪ್ರವಾಹದಲ್ಲಿ ಮುಳುಗಿ ಎದ್ದ ಆ ಬೊಡ್ಡೆಗಳ ತೊಗಟೆಯ ಬಿರುಕಿನಲ್ಲೆಲ್ಲ ಮಣ್ಣು, ಉಸುಕು ಮೆತ್ತಿ ಒಣಗಿರುತ್ತದೆ. ಚೈನಿನ ವೇಗ ಎಂಥದ್ದೆಂದು ಲೆಕ್ಕ ಹಾಕಿ ನೋಡಿ. 0.325 ಇಂಚಿನ ಚೈನು, 7 ಹಲ್ಲಿನ ಸ್ಪ್ರಾಕೆಟ್, 10,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 19 ಮೀಟರಿಗೂ ಮೇಲೆ, ಹತ್ತಿರ ಹತ್ತಿರ ಗಂಟೆಗೆ 70 ಕಿಲೋಮೀಟರ್. ಆ ವೇಗದಲ್ಲಿ ಉಸುಕಿನ ಮೇಲೆ ಓಡಿದ ಹಲ್ಲಿನ ಅಂಚು ಒಂದು ಬೊಡ್ಡೆ ಮುಗಿಯುವ ಮೊದಲೇ ಹೋಗುತ್ತದೆ. ಅಲ್ಲಿಂದ ಮುಂದೆ ಆ ಗರಗಸ ಎಷ್ಟು ಕಿಲೋವಾಟಿನದಾದರೂ ಮರವನ್ನು ಉಜ್ಜಿ ಸುಡುತ್ತದೆ.

ನೋಡಬೇಕಾದದ್ದು ಗರಗಸದ ಬಾಯಿಂದ ಏನು ಬೀಳುತ್ತಿದೆ ಎಂಬುದನ್ನು. ಸಿಬಿರು ಬಿದ್ದರೆ ಹಲ್ಲು ಹರಿತ. ಹಿಟ್ಟು ಬಿದ್ದರೆ ಮೊಂಡು. ಹಿಟ್ಟು ಬೀಳುವ ಗರಗಸವನ್ನು ಕೊಯ್ಯುವವನು ಮೈಭಾರ ಹಾಕಿ ಒತ್ತುತ್ತಾನೆ, ಕ್ಲಚ್ ಜಾರಿ ಬಿಸಿಯಾಗುತ್ತದೆ, ಬಾರಿನ ಅಂಚು ನೀಲಿಗಟ್ಟುತ್ತದೆ, ಕೊನೆಗೆ "ಎಂಜಿನ್ನದಾಗ ಪವರ್ ಇಲ್ಲ" ಎಂಬ ತೀರ್ಪು ಬರುತ್ತದೆ. ಸೈಲೆನ್ಸರ್ ಕೊರೆಯುವವನ ಹತ್ತಿರ ಗಿರಾಕಿ ಹೋಗುವುದು ಈ ತಪ್ಪು ತೀರ್ಪನ್ನು ಹಿಡಿದುಕೊಂಡು. ಕೂಲಿಯ ಲೆಕ್ಕದಲ್ಲಿ ಕೊಯ್ಯುವವರು ಇದಕ್ಕೆ ಉತ್ತರ ಕೊಡುತ್ತಾರೆ: "ಟನ್ನಿನ ಮ್ಯಾಲ ರೊಕ್ಕ ರೀ, ಅರ ಹಾಕ್ಕೋಂತ ಕುಂತ್ರ ಹೊಟ್ಟಿಗೇನ ತಿನ್ನೂಣು?" ಈ ಮಾತಿನ ಹಿಂದಿನ ಬಡತನಕ್ಕೆ ನಾನು ಕುರುಡನಲ್ಲ. ಆದರೂ ಲೆಕ್ಕ ತಪ್ಪು ಎಂದೇ ಹೇಳಬೇಕು. ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಹಲ್ಲಿಗೆ ಎರಡು-ಮೂರು ಎಳೆತ ಅರ ಹಾಕಿದರೆ ಹೋಗುವ ಹೊತ್ತನ್ನು ಹರಿತ ಚೈನು ಮುಂದಿನ ಬೊಡ್ಡೆಯಲ್ಲೇ ಹಿಂದಿರುಗಿಸುತ್ತದೆ, ಪೆಟ್ರೋಲೂ ಉಳಿಯುತ್ತದೆ, ಭುಜವೂ ಉಳಿಯುತ್ತದೆ. ಬೆಣ್ಣಿಹಳ್ಳದ ಜಾಲಿಗೆ ಇನ್ನೂ ಒಂದು ಮಾತು: ಕೊಯ್ಯುವ ಜಾಗದ ತೊಗಟೆಯನ್ನು ಕೊಡಲಿಯಿಂದ ಹೆರೆದು ಮಣ್ಣು ತೆಗೆದ ಮೇಲೆ ಗರಗಸ ಇಡಬೇಕು.

ಡೆಪ್ತ್ ಗೇಜಿನ ಮೇಲಿನ ದ್ವೇಷ ಎಲ್ಲಕ್ಕಿಂತ ಅಪಾಯದ್ದು. ಆ ಉಬ್ಬು ಕೊಯ್ಯುವುದಕ್ಕೆ ಅಡ್ಡ ಬರುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ವಾಸ್ತವದಲ್ಲಿ ಹಲ್ಲು ಎಷ್ಟು ದಪ್ಪದ ಸಿಬಿರು ಎಬ್ಬಿಸಬೇಕೆಂದು ನಿರ್ಧರಿಸುವುದೇ ಅದು. ಸಾಮಾನ್ಯ ಚೈನುಗಳಲ್ಲಿ ಹಲ್ಲಿನ ತುದಿಗಿಂತ ಅದು 0.65 ಮಿಲಿಮೀಟರ್ ಕೆಳಗಿರಬೇಕು. ಅದಕ್ಕಿಂತ ತಗ್ಗಿಸಿದರೆ ಹಲ್ಲು ಎಂಜಿನ್ನಿಗೆ ಎತ್ತಲಾಗದಷ್ಟು ಮರವನ್ನು ಕಚ್ಚುತ್ತದೆ. ಹಸಿ ಮಾವಿನಲ್ಲಿ ಇದು ಸ್ವಲ್ಪ ಹೊತ್ತು ಲಾಭದಂತೆ ಕಾಣುತ್ತದೆ. ಒಣ ಕರಿಜಾಲಿಯಲ್ಲಿ ಚೈನು ಜಗ್ಗಿ ನಿಲ್ಲುತ್ತದೆ, ಕೈ ನಡುಗುತ್ತದೆ, ಬಾರಿನ ಮೂತಿ ಕೊಂಬೆಗೆ ತಗುಲಿದರೆ ಗರಗಸ ಮುಖದ ಕಡೆ ಎಗರುತ್ತದೆ. ಇದಕ್ಕೂ ಒಂದು ನ್ಯಾಯವಾದ ಪ್ರತಿವಾದವಿದೆ: ಅರ ಹಾಕುತ್ತ ಹೋದಂತೆ ಹಲ್ಲು ಗಿಡ್ಡಾಗುತ್ತದೆ, ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅದರ ಎತ್ತರವೂ ಇಳಿಯುತ್ತದೆ, ಆಗ ಡೆಪ್ತ್ ಗೇಜ್ ಇಳಿಸದಿದ್ದರೆ ಹರಿತ ಹಲ್ಲೂ ಮರದ ಮೇಲೆ ಜಾರುತ್ತದೆ. ಇದು ಪೂರ್ತಿ ನಿಜ. ಇಳಿಸಬೇಕು, ಆದರೆ ಗೇಜ್ ಪಟ್ಟಿ ಇಟ್ಟು ಅಳೆದು ಇಳಿಸಬೇಕು. ಕಣ್ಣಂದಾಜಿನಲ್ಲಿ ಚಪ್ಪಟೆ ಅರ ಎಳೆಯುವುದು ಬೇರೆ, ಇದು ಬೇರೆ. ಅರದ ವ್ಯಾಸಕ್ಕೂ ಇದೇ ಮಾತು. 0.325 ಚೈನಿಗೆ 4.8 ಮಿಲಿಮೀಟರಿನ ದುಂಡನೆಯ ಅರ, ಸಣ್ಣ ಗರಗಸಗಳ ತೆಳು ಚೈನಿಗೆ 4 ಮಿಲಿಮೀಟರಿನದು. ಕೋನ 30 ಡಿಗ್ರಿ. ಗಟ್ಟಿ ಕಟ್ಟಿಗೆಗೆ 25ಕ್ಕೆ ಇಳಿಸಿದರೆ ಅಂಚು ಹೆಚ್ಚು ಹೊತ್ತು ತಾಳುತ್ತದೆ. ನಮ್ಮ ಜಾಲಿಗೆ ತಕ್ಕ ಮಾಡಿಫಿಕೇಶನ್ ಎಂದು ನಾನು ಕರೆಯುವುದು ಈ 5 ಡಿಗ್ರಿಯನ್ನು.

ಉದ್ದದ ಬಾರ್ ಮತ್ತು ಸಿಸಿಯ ಮೋಹಕ್ಕೆ ಹೆಚ್ಚು ಮಾತು ಬೇಡ. '58 ಸಿಸಿ, 22 ಇಂಚು' ಎಂಬ ಸ್ಟಿಕ್ಕರಿನ ಗರಗಸಗಳು ಎಲ್ಲ ಕಡೆ ಇವೆ. ಸಿಸಿ ಸ್ಟಿಕ್ಕರಿನಿಂದ ಬರುವುದಿಲ್ಲ, ಬೋರ್ ಮತ್ತು ಸ್ಟ್ರೋಕಿನ ಗುಣಾಕಾರದಿಂದ ಬರುತ್ತದೆ: 45.2 ಮಿಲಿಮೀಟರ್ ಬೋರ್, 34 ಮಿಲಿಮೀಟರ್ ಸ್ಟ್ರೋಕ್ ಇದ್ದರೆ ಅದು 54.6 ಸಿಸಿ. ಸ್ಕೇಲಿಟ್ಟು ಅಳೆಯಿರಿ. ಸಿಸಿ ಎಂದರೆ ಶಕ್ತಿ ಎಂಬುದೂ ಅರ್ಧ ಸತ್ಯ. ಒಂದೇ ಕಂಪನಿಯ ಎರಡು ಗರಗಸ ಇಟ್ಟುಕೊಳ್ಳಿ. ಸ್ಟಿಲ್ ಎಂ.ಎಸ್. 250 ಎಂಬುದು 45.4 ಸಿಸಿ, 2.3 ಕಿಲೋವಾಟ್, ಎಂ.ಎಸ್. 261 ಎಂಬುದು 50.2 ಸಿಸಿ, 3 ಕಿಲೋವಾಟ್. 5 ಸಿಸಿ ಕೂಡ ಹೆಚ್ಚಿಲ್ಲ, ಶಕ್ತಿ ಮಾತ್ರ 30% ಹೆಚ್ಚು. ವ್ಯತ್ಯಾಸ ಇರುವುದು ಒಳಗಿನ ವಿನ್ಯಾಸದಲ್ಲಿ. ಬಾರ್ ಉದ್ದವಾದಷ್ಟೂ ಚೈನಿನ ತೂಕ, ಘರ್ಷಣೆ ಹೆಚ್ಚುತ್ತವೆ, ಮರದಲ್ಲಿ ಒಮ್ಮೆಗೇ ಸಿಕ್ಕುವ ಹಲ್ಲುಗಳೂ ಹೆಚ್ಚುತ್ತವೆ. ಆಯಿಲ್ ಪಂಪು ಮೊದಲು ಕೊಡುತ್ತಿದ್ದಷ್ಟೇ ಕೊಡುತ್ತದೆ. ಅದೇ ಗರಗಸಕ್ಕೆ 22 ತೆಗೆದು 18 ಹಾಕಿದರೆ ಒಂದು ರೂಪಾಯಿ ಮಾಡಿಫಿಕೇಶನ್ ಇಲ್ಲದೆ ಅದು ಬಲಶಾಲಿಯಾಗುತ್ತದೆ.

ಹಾಗಾದರೆ ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕು? ನಮ್ಮ ರೈತರು ಎತ್ತು ಕೊಳ್ಳುವಾಗ ಕೋಡಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಆ ವಿವೇಕ ಗರಗಸದ ಮುಂದೆ ಎಲ್ಲಿ ಹೋಗುತ್ತದೋ ತಿಳಿಯದು. ಮಾರುವವರು ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತಾರೆ, ತಣ್ಣಗಾಗುವವರೆಗೆ ಕಾಯಬೇಕು. ಹಗ್ಗದ ಹಿಡಿಯಿಂದಲೇ ಗರಗಸವನ್ನು ಮೇಲಕ್ಕೆತ್ತಿ ಹಿಡಿಯಿರಿ. ಉಂಗುರ ಚೆನ್ನಾಗಿದ್ದರೆ ಅದು ತಡೆತಡೆದು ಕೆಳಗಿಳಿಯುತ್ತದೆ, ಸವೆದಿದ್ದರೆ ಸರ್ರನೆ ಇಳಿಯುತ್ತದೆ. ಗೇಜ್ ಇದ್ದರೆ ಕಂಪ್ರೆಶನ್ 150 ಪಿಎಸ್‌ಐ ಆಸುಪಾಸು ಇದೆಯೇ ನೋಡಿ. ಆಮೇಲೆ ಸೈಲೆನ್ಸರ್ ಬಿಚ್ಚಿ. ಅದನ್ನು ಬಿಚ್ಚಲು ನಿಜವಾದ ಕಾರಣ ಇದು. ಹೊಗೆಬಾಯಿಯಿಂದ ಪಿಸ್ಟನ್ ಕಾಣುತ್ತದೆ. ಮೈ ನುಣುಪಾಗಿದ್ದರೆ ಮಾತು ಮುಂದುವರಿಸಿ, ಉದ್ದುದ್ದ ಗೀರುಗಳಿದ್ದರೆ ಆ ಎಂಜಿನ್ ಒಮ್ಮೆ ತೆಳು ಮಿಶ್ರಣದಲ್ಲಿ ಸುಟ್ಟಿದೆ. ಸ್ಪ್ರಾಕೆಟ್ಟಿನ ಮೇಲೆ ಚೈನಿನ ಗುರುತು ಅರ್ಧ ಮಿಲಿಮೀಟರಿಗಿಂತ ಆಳವಾಗಿದ್ದರೆ ಅದನ್ನು ಬದಲಿಸಬೇಕು, ಇಲ್ಲವಾದರೆ ಹೊಸ ಚೈನನ್ನೂ ಅದು ಹಾಳು ಮಾಡುತ್ತದೆ. ಚೈನ್ ಬ್ರೇಕ್ ಹಾಕಿ ನೋಡಿ. ಬ್ರೇಕಿನ ಪಟ್ಟಿಯನ್ನೇ ಕಿತ್ತು ಹಾಕಿರುವ ಗರಗಸಗಳು ಮಾರಾಟಕ್ಕೆ ಬರುತ್ತವೆ. ಎಷ್ಟು ಅಗ್ಗವಾದರೂ ಬೇಡ. ಕೊನೆಗೆ ಓಡಿಸಿ, ಆ ಕಡೆ ಈ ಕಡೆ ವಾಲಿಸಿ. ವಾಲಿಸಿದಾಗ ಐಡ್ಲಿಂಗ್ ಏರಿಳಿದರೆ, ಎಕ್ಸಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯಲು ಹೊತ್ತು ಹಿಡಿದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಬಹುಶಃ ಕ್ರ್ಯಾಂಕಿನ ಸೀಲು ಹೋಗಿದೆ. ಸೀಲು ಹೋದ ಎಂಜಿನ್ನಿನ ಸೈಲೆನ್ಸರ್ ತೆರೆಯುವುದು ಅದನ್ನು ಕೊಲ್ಲುವುದಕ್ಕೆ ಸಮ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರು, ಎಂದರೆ ಶೋರೂಮಿನವರು, ನನ್ನನ್ನು ತಮ್ಮವನೆಂದು ತಿಳಿಯಬಾರದು. 'ಹಳೆಯದರ ಗೊಡವೆ ಬೇಡ, ಹೊಸದು ಕೊಳ್ಳಿ' ಎಂಬ ಅವರ ಮಾತೂ ಅಷ್ಟೇ ಸೋಮಾರಿತನದ್ದು. ವೃತ್ತಿಯವರಿಗೆಂದು ಮಾಡಿದ ಹಳೆಯ ಗರಗಸಗಳ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್ಮಿನದು, ಬಿಚ್ಚಿ ಕಟ್ಟಲು ಅನುಕೂಲದ್ದು, ಬಿಡಿಭಾಗ ಸಿಗುವಂಥದ್ದು. ಸೀಲು, ಉಂಗುರ, ಪೈಪು ಬದಲಿಸಿದ ಅಂಥ ಗರಗಸ ಅದೇ ಬೆಲೆಯ ಹೊಸ ಅಗ್ಗದ ಗರಗಸಕ್ಕಿಂತ ಹೆಚ್ಚು ಕಾಲ ದುಡಿಯುತ್ತದೆ. ಸೈಲೆನ್ಸರಿಗೂ ನಾನು ಸಾರಾಸಗಟು ನಿಷೇಧ ಹಾಕುವುದಿಲ್ಲ. 72 ಸಿಸಿಯ ಎಂ.ಎಸ್. 382ರಂಥ ದೊಡ್ಡ ಗರಗಸ ಕಲಘಟಗಿಯ ಕಡೆ ದಪ್ಪ ದಿಮ್ಮಿಗಳ ಮೇಲೆ ದಿನವಿಡೀ ಪೂರ್ತಿ ಗತಿಯಲ್ಲಿ ದುಡಿಯುತ್ತಿದ್ದರೆ, ಅದರ ಕಂಪ್ರೆಶನ್ ಸರಿಯಿದ್ದರೆ, ಜಾಲರಿ ಉಳಿಸಿಕೊಂಡು ಬಾಯಿಯನ್ನು ಹಿತಮಿತವಾಗಿ ಅಗಲಿಸಿ, ಟ್ಯಾಕೋಮೀಟರ್ ಇಟ್ಟು ಎಚ್ ಸ್ಕ್ರೂ ಹೊಂದಿಸುವುದಕ್ಕೆ ಅರ್ಥವಿದೆ. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ತೆಗೆದು ಕಂಪ್ರೆಶನ್ ಹೆಚ್ಚಿಸುವ ವಿದ್ಯೆಗೂ ಅರ್ಥವಿದೆ. ಪಿಸ್ಟನ್ ಮತ್ತು ಹೆಡ್ಡಿನ ನಡುವೆ ಕನಿಷ್ಠ ಅರ್ಧ ಮಿಲಿಮೀಟರ್ ಉಳಿಯುತ್ತದೆಂದು ಸೀಸದ ತಂತಿ ಹಾಕಿ ಅಳೆದವರಿಗೆ ಮಾತ್ರ. ಎಂ.ಎಸ್. 180, 250ರಂಥ ಸಣ್ಣ ಗರಗಸಗಳಲ್ಲಿ ಸಿಲಿಂಡರಿನ ಕೆಳಭಾಗವೇ ಕ್ರ್ಯಾಂಕ್‌ಕೇಸಿನ ಅರ್ಧ. ಅಲ್ಲಿ ತೆಗೆಯಲು ಗ್ಯಾಸ್ಕೆಟ್ಟೇ ಇಲ್ಲ. ಅದನ್ನೂ 'ಹೆಡ್ ಇಳಿಸಿ ಕೊಡ್ತೀವಿ' ಎಂದು ಹಣ ಕೇಳುವವರನ್ನು ನಂಬಬೇಡಿ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೇಲೆ ಕೂದಲೆಳೆಯಷ್ಟು ನಿಖರವಾಗಿ ಲೋಹ ಕಡೆಯಬಲ್ಲವರಿದ್ದಾರೆ. ಸೈಲೆನ್ಸರ್ ಕೊರೆಯುವುದು ಅವರ ಕೈಗೆ ತೀರ ಸಣ್ಣ ಕೆಲಸ. ಅವರ ಕೈಯಲ್ಲಿ, ಮತ್ತು ನಮ್ಮ ತಾಲ್ಲೂಕಿನ ಗರಗಸದಂಗಡಿಗಳಲ್ಲಿ, ನಾನು ನೋಡಬಯಸುವುದು ಕೈಯಿಂದ ಒತ್ತುವ ಒಂದು ಪ್ರೆಶರ್-ವ್ಯಾಕ್ಯೂಮ್ ಪಂಪು. ಕಾರ್ಬೋರೇಟರ್ ಮತ್ತು ಸೈಲೆನ್ಸರಿನ ಜಾಗಗಳನ್ನು ರಬ್ಬರಿನಿಂದ ಮುಚ್ಚಿ, ಎಂಜಿನ್ನಿನೊಳಗೆ ಅರ್ಧ ಬಾರ್ ಒತ್ತಡ ತುಂಬಿ, ಮುಳ್ಳು ಇಳಿಯುತ್ತದೆಯೇ ಎಂದು 20 ಸೆಕೆಂಡ್ ನೋಡುವುದು. ಆಮೇಲೆ ಗಾಳಿ ಹೊರಗೆಳೆದು ಅಷ್ಟೇ ಹೊತ್ತು ನೋಡುವುದು. ಹಳೆಯ ಗರಗಸ ಮಾರುವವರು ಆ ಎರಡು ಅಂಕಿಯನ್ನೂ ಕಂಪ್ರೆಶನ್ನಿನ ಅಂಕಿಯನ್ನೂ ಚೀಟಿಯಲ್ಲಿ ಬರೆದು ಗಿರಾಕಿಯ ಕೈಗೆ ಕೊಡಲಿ. ಚೀಟಿ ಇಲ್ಲದ ಗರಗಸಕ್ಕೆ, ಅದರ ಸೈಲೆನ್ಸರ್ ಎಷ್ಟೇ ಅಬ್ಬರಿಸಲಿ, 'ಮಾಡಿಫೈ ಆದ ಮಷಿನ್' ಎಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.